ಮರಳಿ ಬಂದವರ ಸಾಕ್ಷ್ಯ

ಹೊನ್ನಾಳಿಯ ಒಂದು ಮನೆಯಲ್ಲಿ ಸಂಜೆಯ ಜಪಸರ ಮುಗಿದಿತ್ತು. ಕರಾವಳಿಯಿಂದ ಬಂದು ನೆಲೆಸಿದ ಕುಟುಂಬ. ಕಾಲೇಜಿಗೆ ಹೋಗುವ ಮೊಮ್ಮಗ ಕೇಳಿದ: “ಫಾದರ್, ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತವರನ್ನು ರಕ್ತಸಾಕ್ಷಿಗಳು ಎನ್ನುತ್ತೀರಿ. ಹೆಸರು ಬದಲಾಯಿಸಿಕೊಂಡು ಬದುಕಿ ಬಂದವರನ್ನು ಏನೆನ್ನಬೇಕು? ನಾವು ಅವರ ವಂಶದವರೇ ಅಲ್ಲವೇ?” ಅಜ್ಜಿ “ಸುಮ್ಮನಿರೋ” ಎಂದು ಗದರಿದರು. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಸಂಗತಿ ನಮ್ಮೆಲ್ಲರಿಗೂ ತಿಳಿದದ್ದೇ. 1784ರ ಫೆಬ್ರವರಿ ಕೊನೆಯಲ್ಲಿ, ತಪಸ್ಸುಕಾಲದ ಹೊಸ್ತಿಲಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಸೆರೆಹಿಡಿಸಿದನು. ಸಂಖ್ಯೆಯನ್ನು 30,000 ಎಂದವರುಂಟು, 80,000 ಎಂದವರೂ ಉಂಟು. ಗುರುಗಳನ್ನು ಗಡೀಪಾರು ಮಾಡಲಾಯಿತು. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ದೇವಾಲಯಗಳು ನೆಲಸಮವಾದವು. ಘಟ್ಟ ಹತ್ತುವಾಗಲೇ ಎಷ್ಟೋ ಜನ ಅಸುನೀಗಿದರು. ಉಳಿದವರಲ್ಲಿ ಬಹುಮಂದಿ ಬಲವಂತದ ಮತಾಂತರಕ್ಕೆ ಒಳಗಾದರು. 1799ರ ಮೇ 4ರಂದು ಕೋಟೆ ಬೀಳುವವರೆಗೆ ಹದಿನೈದು ವರ್ಷ ಹೀಗೆಯೇ ಕಳೆಯಿತು.

ಆ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದು ಚದುರಿದ ಮಂದೆಯನ್ನು ಕೂಡಿಸಿದವರು ಅಬ್ಬೆ ದುಬಾಯ್. ಗಂಜಾಮಿನ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. ಆದರೆ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಈ ಜನರ ಬಗ್ಗೆ ಕಟುವಾಗಿ ಬರೆದರು: ಇಷ್ಟು ಸಾವಿರ ಜನರಲ್ಲಿ ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಂಡು ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬನಿಗೂ ಇರಲಿಲ್ಲ, ಇದು ನಾಚಿಕೆಗೇಡು ಎಂದು. ಅದೇ ಬರಹದಲ್ಲಿ ಇನ್ನೊಂದು ಮಾತೂ ಇದೆ. ಅವರಲ್ಲಿ ಸುಮಾರು 2,000 ಮಂದಿ ತಮ್ಮನ್ನೇ ಕಂಡರು, 20,000ದಷ್ಟು ಜನ ಮಂಗಳೂರು ಸೀಮೆಗೆ ಮರಳಿ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರು ಎಂದು.

ಪೂಜ್ಯರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಅವರ ಮೊದಲ ಮಾತಿಗೆ ಎರಡನೆಯದೇ ಉತ್ತರ. (ಅವರೂ 1792ರಲ್ಲಿ ಕ್ರಾಂತಿಯ ಫ್ರಾನ್ಸನ್ನು ಬಿಟ್ಟು ಬಂದವರೇ.) 1784ರಲ್ಲಿ ಎದೆಹಾಲು ಕುಡಿಯುತ್ತಿದ್ದ ಕೂಸಿಗೆ 1799ರಲ್ಲಿ ಹದಿನೈದು ತುಂಬಿತ್ತು. ತಾನು ಯಾರೆಂದು ಅದಕ್ಕೆ ತಿಳಿಸಿದವರು ಯಾರು? ಗುರುವಿಲ್ಲ, ಉಪದೇಶಿಯಿಲ್ಲ, ಗಂಟೆಯಿಲ್ಲ. ತಾಯಿಯೇ ಹೇಳಿರಬೇಕು, ದೀಪ ಆರಿಸಿದ ಮೇಲೆ, ಪಿಸುದನಿಯಲ್ಲಿ. ಆ ಪಿಸುದನಿಗೆ ಧೈರ್ಯ ಬೇಕಿರಲಿಲ್ಲವೇ?

ಧರ್ಮಸಭೆಗೆ ಈ ಪ್ರಶ್ನೆ ಹೊಸದಲ್ಲ. 250ರಲ್ಲಿ ದೇಸಿಯಸ್ ಚಕ್ರವರ್ತಿಯ ಆಜ್ಞೆಗೆ ಹೆದರಿ ಅನೇಕ ಕ್ರೈಸ್ತರು ವಿಗ್ರಹಗಳಿಗೆ ಬಲಿಯರ್ಪಿಸಿದರು. ಅವರನ್ನು ಎಂದೆಂದಿಗೂ ಹೊರಗಿಡಬೇಕೆಂದು ಕೆಲವರು ಹಟ ಹಿಡಿದರು. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನರು ಒಪ್ಪಲಿಲ್ಲ; ಪ್ರಾಯಶ್ಚಿತ್ತ ಮಾಡಿದವರಿಗೆ ಬಾಗಿಲು ತೆರೆದರು. ಆ ಹಿಂಸೆಯ ಕಾಲದಲ್ಲಿ ಅಡಗಿಕೊಂಡರೆಂಬ ನಿಂದೆ ಹೊತ್ತಿದ್ದ ಅವರೇ 258ರಲ್ಲಿ ಕತ್ತಿಗೆ ಕೊರಳೊಡ್ಡಿದರು. ಸಂತ ತೋಮಸ್ ಅಕ್ವಿನಾಸರ ವಿಚಾರದಂತೆ ಧೈರ್ಯದ ಮುಖ್ಯ ಕ್ರಿಯೆ ಮೇಲೆಬೀಳುವುದಲ್ಲ, ಸಹಿಸಿ ನಿಲ್ಲುವುದು.

ನಮ್ಮ ಚನ್ನಗಿರಿಯ ಧೋಂಡಿಯಾ ವಾಘನೂ ಅದೇ ಶ್ರೀರಂಗಪಟ್ಟಣದಲ್ಲಿ ಬಲವಂತದಿಂದ ಮತಾಂತರಗೊಂಡು ಸೆರೆಯಲ್ಲಿದ್ದವನು. ಬಿಡುಗಡೆಯಾದೊಡನೆ ಕತ್ತಿ ಹಿಡಿದನು. 1800ರ ಸೆಪ್ಟೆಂಬರ್ 10ರಂದು ಇಂಗ್ಲಿಷರೊಡನೆ ಹೋರಾಡುತ್ತ ಮಡಿದನು. ಅವನ ಶೌರ್ಯವನ್ನು ಜನ ಸ್ಮರಿಸುತ್ತಾರೆ, ಸ್ಮರಿಸಲಿ. ಸುಟ್ಟ ಊರಿಗೆ ಮರಳಿ ಗೋಡೆ ಎಬ್ಬಿಸಿದವರದ್ದೂ ಶೌರ್ಯವೇ.

ಮತ್ತೊಂದು ಮಾತು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿದಾಗಲೂ 2019ರಲ್ಲಿ ಕೈಬಿಟ್ಟಾಗಲೂ ನಮ್ಮ ಹಿರಿಯರ ಕಣ್ಣೀರನ್ನು ಬೀದಿಯ ಜಗಳಕ್ಕೆ ಸರಕಾಗಿಸಿದವರಿದ್ದರು. ನಮ್ಮ ಯುವಕರ ಮೊಬೈಲಿಗೂ ಅಂಥ ಸಂದೇಶಗಳು ಬರುತ್ತವೆ. ನಡೆದದ್ದನ್ನು ಮುಚ್ಚಿಡಬೇಕಿಲ್ಲ. ಆದರೆ ಸುಲ್ತಾನನ ತಪ್ಪಿಗೆ ಪಕ್ಕದ ಮನೆಯ ಮುಸಲ್ಮಾನ ಬಂಧು ಲೆಕ್ಕ ಒಪ್ಪಿಸಬೇಕೇ? ಸೆರೆಯಿಂದ ತಪ್ಪಿಸಿಕೊಂಡವರಿಗೆ ಆಶ್ರಯವಿತ್ತ ಕೊಡಗಿನ ದೊಡ್ಡ ವೀರರಾಜೇಂದ್ರನನ್ನೂ 1792ರ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯವನ್ನೂ ಮಕ್ಕಳಿಗೆ ಹೇಳಿರಿ.

ನ್ಯಾಮತಿ, ಜಗಳೂರುಗಳಂಥ ಕಡೆ ನಮ್ಮ ಮನೆಗಳು ಬೆರಳೆಣಿಕೆಯಷ್ಟು. ಗುರುಗಳು ಬರುವುದು ಎಂದೋ ಒಮ್ಮೆ. ಅಲ್ಲಿಯೂ ಮಗುವಿಗೆ ಶಿಲುಬೆಯ ಗುರುತು ಕಲಿಸಬೇಕಾದವಳು ತಾಯಿಯೇ. ನಮಗೆ ಯಾವ ಸುಲ್ತಾನನ ಭಯವೂ ಇಲ್ಲ, ಟಿ.ವಿ. ಧಾರಾವಾಹಿಯ ಹೊತ್ತು ಮಾತ್ರ ಅಡ್ಡಿ!

ಹುಡುಗನಿಗೆ ಇಷ್ಟನ್ನು ಹೇಳಿದೆ. ಅಜ್ಜಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. “ಸತ್ತವರೇ ದೊಡ್ಡವರು, ಫಾದರ್” ಎಂದರು. ನವೆಂಬರ್ 2ರ ಮೃತರ ಸ್ಮರಣೆಯ ಬಲಿಪೂಜೆಯನ್ನು ಇಬ್ಬರಿಗಾಗಿಯೂ ಅರ್ಪಿಸುವೆನೆಂದೆ. ಸೆರೆಗೆ ಹೋದ ಹಿರಿಯರ ಹೆಸರು ತಿಳಿದ ಮನೆಯವರು ಒಂದು ಚೀಟಿಯಲ್ಲಿ ಬರೆದು ಮುಂಚಿತವಾಗಿ ಕೊಡಿರಿ.