ಮಗುವನ್ನಲ್ಲ, ದೋಣಿಯನ್ನು ಹಿಡಿದುಕೊಳ್ಳಿ!



ಕುಂದಾಪುರದ ಕಡೆ ಹುಟ್ಟಿ ಬೆಳೆದ ನನಗೆ ಸಮುದ್ರವೇನೂ ಹೊಸದಲ್ಲ. ಆದರೆ ದಡದಲ್ಲಿ ನಿಂತು ನೋಡುವ ಸಮುದ್ರವೇ ಬೇರೆ, ಅದರ ಬೆನ್ನ ಮೇಲೆ ಕೂರುವುದೇ ಬೇರೆ. ಇದು ನನಗೆ ಗೊತ್ತಾದದ್ದು 2022ರ ಡಿಸೆಂಬರ್ ರಜೆಯಲ್ಲಿ, ದೂರದ ಕೆರಿಬಿಯನ್ ಸಮುದ್ರದಲ್ಲಿ!

ನನ್ನ ತಮ್ಮ ಅಲ್ಲಿನ ಸೇಂಟ್ ವಿನ್ಸೆಂಟ್ ದ್ವೀಪದ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ನಾನೂ ಹದಿಮೂರು ವರ್ಷದ ಮಗಳೂ ಅವನ ಮನೆಗೆ ಹೋಗಿದ್ದೆವು. ಅಲ್ಲಿಂದ ದಕ್ಷಿಣಕ್ಕೆ ಒಂಬತ್ತು ಸಮುದ್ರ ಮೈಲಿ, ಅಂದರೆ ಸುಮಾರು 17 ಕಿಲೋಮೀಟರು ದೂರದಲ್ಲಿ ಬೆಕ್ವೇ ಎಂಬ ಪುಟ್ಟ ದ್ವೀಪವಿದೆ. ಫೆರಿ ಹಡಗಿನಲ್ಲಿ ಒಂದು ಗಂಟೆಯ ದಾರಿ. ಆದರೆ ತಮ್ಮನ ನೆರೆಮನೆಯವರದ್ದೊಂದು ಹಾಯಿದೋಣಿ ಇತ್ತಲ್ಲ! "ಅಕ್ಕಾ, ಇದರಲ್ಲೇ ಹೋಗಿ ಬರೋಣ" ಅಂದ. ಹೋಗುವಾಗ ಸುಖವಾಗಿಯೇ ಹೋದೆವು. ಫಜೀತಿಯಾದದ್ದು ಬರುವಾಗ.

ಹೊರಟಾಗ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ನಮ್ಮೂರಲ್ಲಾದರೆ ಮೋಡ ಕವಿದು ಮಳೆ ಹಿಡಿದಾಗ ಕಡಲು ಕೆರಳುತ್ತದೆ. ಅಲ್ಲಿ ಹಾಗಲ್ಲ, ಚುರುಚುರು ಬಿಸಿಲಿದ್ದರೂ ಗಾಳಿ ಮಾತ್ರ ಬಿಡುವುದಿಲ್ಲ. ವರ್ಷದ ಕೊನೆಗೆ ಪೂರ್ವದಿಂದ ಜೋರಾಗಿ ಬೀಸುವ ಇದಕ್ಕೆ 'ಕ್ರಿಸ್‌ಮಸ್ ಗಾಳಿ' ಎಂದೇ ಹೆಸರು. ದ್ವೀಪದ ಮರೆಯಲ್ಲಿರುವ ತನಕ ನೀರು ಕೆರೆಯಂತೆ ಶಾಂತ. ಮರೆ ದಾಟಿದ್ದೇ ತಡ, ಅಟ್ಲಾಂಟಿಕ್ ಸಾಗರದಿಂದ ಅಡ್ಡಿಯಿಲ್ಲದೆ ಬಂದ ಅಲೆಗಳು ಎರಡು ದ್ವೀಪಗಳ ನಡುವಿನ ಸಂದಿಯಲ್ಲಿ ಒಟ್ಟಿಗೆ ನುಗ್ಗುತ್ತವೆ.

ದೋಣಿ ಎಡಕ್ಕೆ ವಾಲಿತು ನೋಡಿ, ನನ್ನ ಜೀವ ಬಾಯಿಗೆ ಬಂತು! ಉಪ್ಪುನೀರು ಮುಖಕ್ಕೆ ರಾಚಿತು. ನನಗೆ ಈಜು ಬಾರದು. ಎರಡೂ ಕೈಯಿಂದ ಮಗಳನ್ನು ತಬ್ಬಿ ಹಿಡಿದೆ. ಮುಂದಿನ ಅಲೆಗೆ ತಾಯಿ ಮಗಳಿಬ್ಬರೂ ಜೊತೆಯಾಗಿ ಜಾರಿ ಆಚೆ ಬದಿಗೆ ಬಿದ್ದೆವು. ಚುಕ್ಕಾಣಿ ಹಿಡಿದಿದ್ದ ಆ ಹಿರಿಯರು ಗಟ್ಟಿಯಾಗಿ ಕೂಗಿಕೊಂಡರು. ತಮ್ಮ ಕನ್ನಡದಲ್ಲಿ ಹೇಳಿದ: "ಅಕ್ಕಾ, ಮಗುವನ್ನಲ್ಲ, ದೋಣಿಯನ್ನು ಹಿಡ್ಕೋ!"

ಮಗಳ ಲೈಫ್ ಜಾಕೆಟ್ಟಿನ ಮೇಲಿನ ಪಟ್ಟಿಯನ್ನು ಹೊರಡುವ ಮೊದಲೇ ಅವರು ದೋಣಿಯ ಕಬ್ಬಿಣದ ಬಳೆಗೆ ಸಿಕ್ಕಿಸಿದ್ದರು. ನನ್ನದನ್ನೂ ಅಷ್ಟೇ. ಅವಳನ್ನು ಹಿಡಿದಿಟ್ಟಿದ್ದು ಆ ಪಟ್ಟಿ, ನಾನಲ್ಲ. "ಅಮ್ಮಾ, ನೀನು ತಬ್ಬಿದ್ರೆ ನಂಗೆ ಕೈ ಆಡ್ಸೋಕೇ ಆಗಲ್ಲ" ಅಂದಳು. ಕೇಳಿ ಕೋಪವೂ ಬಂತು, ನಾಚಿಕೆಯೂ ಆಯಿತು. ಕೈ ಬಿಟ್ಟೆ. ಹಾಗೆ ಬಿಡುವುದಕ್ಕೆ ಎಷ್ಟು ಧೈರ್ಯ ಬೇಕಾಯಿತೆಂದು ತಾಯಂದಿರಾದ ನಿಮಗೆ ಹೇಳಬೇಕಾಗಿಲ್ಲ.

ಆಮೇಲೆ ಸುತ್ತ ನೋಡುವಷ್ಟು ಸಮಾಧಾನ ಬಂತು. ಆ ಹಿರಿಯರು ದೋಣಿಯ ಮೂತಿಯನ್ನು ಊರಿನ ನೇರಕ್ಕೆ ಇಟ್ಟಿರಲಿಲ್ಲ, ಪೂರ್ವಕ್ಕೆ ತಿರುಗಿಸಿದ್ದರು. ಪ್ರವಾಹ ಪಶ್ಚಿಮಕ್ಕೆ ಎಳೆಯುವುದರಿಂದ ನೇರ ಹೋದರೆ ಊರೇ ತಪ್ಪಿಹೋಗುತ್ತದಂತೆ. ಒಳಗಿನ ಅಡಿಗೆ ಒಲೆಯನ್ನಂತೂ ನೀವು ನೋಡಬೇಕಿತ್ತು! ಅದನ್ನು ಗೋಡೆಗೆ ಬಿಗಿದಿಲ್ಲ, ಎರಡು ಕೀಲುಗಳ ಮೇಲೆ ತೊಟ್ಟಿಲಿನಂತೆ ತೂಗುಬಿಟ್ಟಿದ್ದಾರೆ. ದೋಣಿ ಎಷ್ಟು ವಾಲಿದರೂ ಒಲೆ ಸಮನಾಗಿಯೇ ಇರುತ್ತದೆ, ಕೆಟಲಿನ ನೀರು ಚೆಲ್ಲುವುದಿಲ್ಲ.

ಸುಮಾರು ಎರಡೂವರೆ ಗಂಟೆಯ ನಂತರ ದಡ ಸೇರಿದೆವು. ತಮ್ಮನ ಹೆಂಡತಿ ಕೆಂಡದಲ್ಲಿ ಸುಟ್ಟ ಜೀಗುಜ್ಜೆ ಇಟ್ಟುಕೊಂಡು ಕಾದಿದ್ದಳು. ಹೌದು, ನಮ್ಮ ಕರಾವಳಿಯ ಜೀಗುಜ್ಜೆಯೇ! ಕ್ಯಾಪ್ಟನ್ ಬ್ಲೈ 1793ರಲ್ಲಿ ತಾಹಿತಿಯಿಂದ ಹಡಗಿನಲ್ಲಿ ಸಸಿ ತಂದು ಆ ದ್ವೀಪಕ್ಕೆ ಕೊಟ್ಟನಂತೆ. ಉಪ್ಪು, ಬೆಣ್ಣೆ ಹಚ್ಚಿ ತಿಂದೆವು. ಅಂಥ ರುಚಿ ಇನ್ನೆಲ್ಲೂ ಕಂಡಿಲ್ಲ.

ದೋಣಿ ಹತ್ತುವ ಸೋದರಿಯರಿಗೆ ಎರಡು ಮಾತು. ಖಾಲಿ ಹೊಟ್ಟೆಯಲ್ಲೂ ಬೇಡ, ಹೊಟ್ಟೆ ಬಿರಿಯ ಉಂಡೂ ಬೇಡ. ಎರಡು ಇಡ್ಲಿ ಸಾಕು. ಸೆರಗಿನಲ್ಲಿ ಶುಂಠಿ ಚೂರುಗಳಿರಲಿ. ತಲೆ ತಿರುಗಿದರೆ ಒಳಗೆ ಹೋಗಿ ಮಲಗಬೇಡಿ, ಹೊರಗೇ ಕುಳಿತು ದೂರದ ಬಾನಂಚನ್ನು ನೋಡುತ್ತಿರಿ.

ಮಗಳು ಈಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಪಿಯುಸಿಗೆ ಮೈಸೂರಿನ ಹಾಸ್ಟೆಲ್ಲಿಗೆ ಹೋಗುತ್ತೇನೆಂದು ಹಟ. ಒಂದು ತಿಂಗಳು ಬೇಡವೆಂದೇ ಅಂದೆ. ಕಳೆದ ವಾರ ಹೋಗಿ ಹಾಸ್ಟೆಲ್ ನೋಡಿದೆ, ಬಾಗಿಲ ಚಿಲಕ ಎಳೆದು ನೋಡಿದೆ, ಊಟ ಮಾಡಿ ನೋಡಿದೆ, ವಾರ್ಡನ್ ಹತ್ತಿರ ಮಾತಾಡಿದೆ. ಆಮೇಲೆ ಸಹಿ ಹಾಕಿ ಬಂದೆ.