ನಡಿಗೆಯೂ ಸ್ವಾವಲಂಬನವೂ

ಮರದಿಂದಲೋ ಮಾಳಿಗೆಯಿಂದಲೋ ಬಿದ್ದು, ಇಲ್ಲವೆ ಹಾದಿಯಲ್ಲಿ ವಾಹನದ ಅಪಘಾತಕ್ಕೀಡಾಗಿ ಬೆನ್ನುಹುರಿಗೆ ಪೆಟ್ಟು ತಗಲಿಸಿಕೊಂಡವನ ಮನೆಯಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ‘ಇವರು ಮತ್ತೆ ನಡೆದಾಡುವರೇ?’ ಈ ಪ್ರಶ್ನೆ ಸಹಜವಾದುದು. ಆದರೆ ಇದೊಂದನ್ನೇ ಕೇಳುತ್ತ ಕುಳಿತರೆ ಆಗುವ ಹಾನಿಯನ್ನು ಕುರಿತು ನಮ್ಮ ವಾಚಕರ ಮುಂದೆ ನಾಲ್ಕು ಮಾತುಗಳನ್ನಿಡುವುದು ಅವಶ್ಯವೆಂದು ಭಾವಿಸುತ್ತೇವೆ.

ನಡಿಗೆಯ ಅಭ್ಯಾಸವು ವ್ಯರ್ಥವೆಂದು ನಾವು ಹೇಳುವುದಿಲ್ಲ. ಪೆಟ್ಟು ಬಿದ್ದ ಸ್ಥಾನದಿಂದ ಕೆಳಗೆ ಸ್ಪರ್ಶಜ್ಞಾನವೂ ಚಲನೆಯೂ ಅಲ್ಪಸ್ವಲ್ಪ ಉಳಿದಿದ್ದರೆ ಆಶೆಗೆ ಹೆಚ್ಚಿನ ಆಸ್ಪದವುಂಟು. ಚೇತರಿಕೆಯ ಬಹುಭಾಗವು ಮೊದಲಿನ ಕೆಲವು ತಿಂಗಳುಗಳಲ್ಲಿಯೇ ಆಗತಕ್ಕದ್ದಾದುದರಿಂದ, ವ್ಯಾಯಾಮ ಚಿಕಿತ್ಸೆಯಲ್ಲಿ ಕಾಲವಿಳಂಬವೆಂದರೆ ಕೈಗೆ ಬಂದುದನ್ನು ಕಳೆದುಕೊಂಡಂತೆ. ನೆಟ್ಟಗೆ ನಿಲ್ಲುವುದರಿಂದ ಕುಳಿತಲ್ಲಿಯ ಒತ್ತಡವು ತಗ್ಗುತ್ತದೆ, ಕೀಲುಗಳು ಬಿಗಿಯುವುದಿಲ್ಲ, ಎದುರಿನವರ ಕಣ್ಣಿಗೆ ಕಣ್ಣಿಟ್ಟು ಮಾತನಾಡುವಾಗ ಮನಸ್ಸಿಗೆ ಬರುವ ಧೈರ್ಯವೂ ಸಣ್ಣದಲ್ಲ. ಕುರ್ಚಿ ಹೋಗದ ಬಚ್ಚಲಮನೆಗೆ ಎರಡು ಹೆಜ್ಜೆ ಇಡಬಲ್ಲವನು ಅಷ್ಟರ ಮಟ್ಟಿಗೆ ಪರಾಧೀನತೆಯಿಂದ ಪಾರಾದನು.

ಆದರೆ ಇದರ ಬೆಲೆಯನ್ನೂ ಅರಿಯಬೇಕು. ಎದೆಯ ಮಟ್ಟದಲ್ಲಿ ಹುರಿಯು ಪೂರ್ಣವಾಗಿ ಕೆಟ್ಟವನು ಕಾಲಿಗೆ ಕ್ಯಾಲಿಪರ್ ಕಟ್ಟಿ, ಊರುಗೋಲುಗಳ ಆಧಾರದಿಂದ ನಡೆಯಲು ನಮ್ಮ ನಿಮ್ಮ ನಡಿಗೆಯ ಹಲವು ಪಟ್ಟು ಶಕ್ತಿ ವೆಚ್ಚವಾಗುತ್ತದೆ. ದೇಹದ ಭಾರವೆಲ್ಲ ಭುಜದ ಮೇಲೆ ಬಿದ್ದು ಭುಜಗಳು ನೋಯುತ್ತವೆ. ಕಾಲಿನ ಎಲುಬುಗಳು ಸವೆದಿರುವುದರಿಂದ ಸಣ್ಣ ಬೀಳುವಿಕೆಗೂ ಮುರಿಯಬಹುದು. ಸ್ಪರ್ಶಜ್ಞಾನವಿಲ್ಲದ ಚರ್ಮವನ್ನು ಕ್ಯಾಲಿಪರಿನ ಪಟ್ಟಿ ಉಜ್ಜಿ ಹುಣ್ಣು ಮಾಡಿದರೂ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ನಡಿಗೆ ಕಲಿತವರಲ್ಲಿ ಅನೇಕರು ಮನೆಗೆ ಬಂದ ಮೇಲೆ ಗಾಲಿಕುರ್ಚಿಯನ್ನೇ ಆಶ್ರಯಿಸುವುದು ಈ ಕಾರಣದಿಂದ. ಅದು ಆಲಸ್ಯವಲ್ಲ, ವಿವೇಕ.

ನಮ್ಮ ಖಾಸಬಾಗವು ನೇಕಾರರ ನೆಲೆ. ಇಲ್ಲಿ ಮಗ್ಗವಿರುವ ಮನೆಯೇ ಕಾರಖಾನೆ. ಕಾಲು ಹೋದವನಿಗೆ ಕೈಯಿದೆ, ಬುದ್ಧಿಯಿದೆ. ಕಂಡಿಕೆ ಸುತ್ತುವುದು, ಲೆಕ್ಕಪತ್ರ ನೋಡುವುದು, ಸೀರೆಯ ವ್ಯಾಪಾರ ಕುದುರಿಸುವುದು ಕುಳಿತೇ ಆಗುವ ಕೆಲಸಗಳು. ಆದರೆ ಗಾಲಿಕುರ್ಚಿಯೆಂದರೆ ಸೋಲೊಪ್ಪಿದಂತೆಂದು ಬಗೆದು ಅದನ್ನು ಮೂಲೆಗಿರಿಸಿ, ನಡೆಸಿಯೇ ತೀರುವೆನೆಂದು ಬೊಗಳೆ ಬಿಡುವವರ ಬಾಗಿಲಿಗೆ ಸಾಲದ ಹಣ ಸುರಿಯುವವರಿಗೆ ನಾವು ಏನೆನ್ನೋಣ?

ಡಾ. ಮೇರಿ ವರ್ಗೀಸರ ಚರಿತ್ರೆಯನ್ನು ಅಂಥವರು ನೆನೆಯಲಿ. ವೆಲ್ಲೂರಿನ ಈ ವೈದ್ಯೆಯು 1954ರಲ್ಲಿ ವಾಹನ ಅಪಘಾತದಿಂದ ಬೆನ್ನುಹುರಿ ಘಾಸಿಗೊಂಡು ಕಾಲುಗಳ ಬಲವನ್ನು ಕಳೆದುಕೊಂಡರು. ಗಾಲಿಕುರ್ಚಿಯಲ್ಲಿಯೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ತೆರೆಯಲು ಮುಖ್ಯ ಕಾರಣರಾದರು. ನಡೆಯದೆಯೇ ಅವರು ಎಷ್ಟು ದೂರ ಹೋದರು!

ಇನ್ನು ಅಧಿಕಾರಿಗಳಿಗೊಂದು ಮಾತು. ಅಂಗವಿಕಲರ ಹಕ್ಕುಗಳ ಕಾಯಿದೆಯು 2016ರಲ್ಲಿ ಆಯಿತು. ಅದರ ನಿಯಮಗಳು 2017ರಲ್ಲಿ ಬಂದವು. ಆಗ ಇದ್ದ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷಗಳೊಳಗೆ ಇವರಿಗೆ ಸುಗಮವಾಗಿಸಬೇಕೆಂಬ ಅವಧಿಯು 2022ಕ್ಕೇ ಮುಗಿಯಿತು. ಕಚೇರಿಯ ಮೆಟ್ಟಲೂ, ಗಟಾರದ ಮೇಲೆ ಅಲುಗಾಡುವ ಹಾಸುಗಲ್ಲೂ ಊರುಗೋಲಿನವನಿಗೂ ಕುರ್ಚಿಯವನಿಗೂ ಸಮಾನ ಶತ್ರುಗಳು. ಖಾನಾಪುರದ ಹಳ್ಳಿಯವನು ವ್ಯಾಯಾಮ ಚಿಕಿತ್ಸೆಗೆಂದು ಪ್ರತಿಸಲವೂ ಬೆಳಗಾವಿಗೆ ಬರಬೇಕಾದರೆ, ದಿನಗೂಲಿ ಕಳೆದುಕೊಂಡು ಎಷ್ಟು ದಿನ ಬಂದಾನು? ತಾಲೂಕಿನಲ್ಲಿಯೇ ಆ ಸೌಕರ್ಯವನ್ನು ಪುಷ್ಟಿಗೊಳಿಸುವುದು ಸರಕಾರದ ಕರ್ತವ್ಯ.

ನಡೆಯಬಲ್ಲವನು ನಡೆಯಲಿ, ಅವನಿಗೆ ಕೈಗೋಲು ಕೊಡೋಣ. ನಡೆಯಲಾರದವನು ಕುರ್ಚಿಯಲ್ಲಿ ತಲೆಯೆತ್ತಿ ಬರಲಿ; ಅವನಿಗೆ ಹಾದಿ ಬಿಡೋಣ. ‘ನಡೆದಾಡುವರೇ?’ ಎಂದು ಕೇಳುವ ಬದಲು ‘ತಮ್ಮ ಬಾಳನ್ನು ತಾವೇ ನಡೆಸುವರೇ?’ ಎಂದು ನಮ್ಮ ಜನರು ಕೇಳಲು ಕಲಿತರೆ, ಎಷ್ಟೋ ಮನೆಗಳಲ್ಲಿ ಆರಿಹೋದ ದೀಪವು ಮತ್ತೆ ಹೊತ್ತೀತು.