ಗುದ್ದಿಸಿಕೊಳ್ಳುವ ಲಾರಿ

ಡಿಕ್ಕಿ ಹೊಡೆಸಿಕೊಳ್ಳುವುದೇ ಕೆಲಸವಾಗಿರುವ ಲಾರಿಗಳಿವೆ. ಅಮೆರಿಕ, ಬ್ರಿಟನ್ನಿನ ಹೆದ್ದಾರಿಗಳಲ್ಲಿ ಗುಂಡಿ ಮುಚ್ಚುವವರ, ಬಿಳಿ ಪಟ್ಟೆ ಬಳಿಯುವವರ ಬೆನ್ನಿಗೆ ಅವು ಕಾವಲಿರುತ್ತವೆ. ಲಾರಿಯ ಹಿಂಬದಿಯಲ್ಲಿ ಅಲ್ಯೂಮಿನಿಯಂ ಜೇನುಹುಟ್ಟಿನಂಥದೋ ಉಕ್ಕಿನ ಕೊಳವೆಗಳದೋ ಒಂದು ಚೌಕಟ್ಟು ಚಾಚಿಕೊಂಡಿರುತ್ತದೆ. ಮೈಮರೆತವನ ಕಾರು ಬಂದು ಗುದ್ದಿದರೆ ಆ ಚೌಕಟ್ಟು ಮೆತ್ತೆಯಂತೆ ಮಡಿಮಡಿಯಾಗಿ ನಜ್ಜುಗುಜ್ಜಾಗುತ್ತದೆ. ಮುಂದೆ ಬಗ್ಗಿ ದುಡಿಯುತ್ತಿದ್ದವರನ್ನು ಮುಟ್ಟುವುದು ಸದ್ದು ಮಾತ್ರ.

ಈ ಬಗೆಯ ಯೋಚನೆಗೆ ಬಲ ಕೊಟ್ಟವರಲ್ಲಿ ಒಬ್ಬ ರೇಸ್ ಚಾಲಕನೂ ಇದ್ದಾನೆ. 1955ರ ಲ ಮಾನ್ ಕಾರು ಪಂದ್ಯದಲ್ಲಿ ಜಾನ್ ಫಿಚ್ ತನ್ನ ಸರದಿಗಾಗಿ ಕಾಯುತ್ತಿದ್ದಾಗ, ಅವನ ಜೊತೆಗಾರ ಪಿಯರ್ ಲೆವೆಗ್ ಓಡಿಸುತ್ತಿದ್ದ ಕಾರಿನ ಚೂರುಗಳು ಪ್ರೇಕ್ಷಕರ ಮೇಲೆ ಹಾರಿ 80ಕ್ಕೂ ಹೆಚ್ಚು ಜನ ಸತ್ತರು. ಮುಂದೆ ಫಿಚ್ ಮರಳು ತುಂಬಿದ ಪ್ಲಾಸ್ಟಿಕ್ ಪೀಪಾಯಿಗಳನ್ನು ರೂಪಿಸಿ, ಹೆದ್ದಾರಿಯ ಗೋಡೆ ಕಂಬಗಳ ಮುಂದೆ ಸಾಲಾಗಿ ಇಡಿಸಿದ. ಆದರೆ ಪಟ್ಟೆ ಬಳಿಯುವ ಗ್ಯಾಂಗು ಒಂದೆಡೆ ನಿಲ್ಲುವುದಲ್ಲ; ಅದರ ಹಿಂದೆ ಪೀಪಾಯಿ ಹೊತ್ತು ತಿರುಗಲಾಗದು. ಅಂಥವರಿಗಾಗಿ ಮೆತ್ತೆ ಲಾರಿಯನ್ನೇರಬೇಕಾಯಿತು.

ಲೆಕ್ಕ ಸರಳ. ಗಂಟೆಗೆ 100 ಕಿ.ಮೀ. ವೇಗದ ಕಾರು ಅರ್ಧ ಮೀಟರಿನೊಳಗೆ ನಿಂತರೆ ಒಳಗಿದ್ದವರ ಮೇಲೆ ಗುರುತ್ವದ ಸುಮಾರು 80 ಪಟ್ಟು ಹೊಡೆತ. ಅದೇ ವೇಗ 4 ಮೀಟರಿನುದ್ದಕ್ಕೂ ಕರಗಿದರೆ ಸುಮಾರು 10 ಪಟ್ಟು. ಆಸ್ಪತ್ರೆಗೂ ಸ್ಮಶಾನಕ್ಕೂ ನಡುವೆ ಮೂರೂವರೆ ಮೀಟರು.

ಇಲ್ಲೊಂದು ತಕರಾರು ಏಳುತ್ತದೆ. ಮೆತ್ತೆ ಕೆಲಸಗಾರನನ್ನಷ್ಟೇ ಅಲ್ಲ, ಗುದ್ದಿದವನನ್ನೂ ಉಳಿಸುತ್ತದೆ. ಮೊಬೈಲು ನೋಡುತ್ತಾ ಬಂದವನಿಗೆ ಯಾಕೆ ಈ ಉಪಚಾರ? ದಂಡ ಹಾಕಿ, ಜೈಲಿಗೆ ಕಳಿಸಿ ಅನ್ನುವುದು ನಮ್ಮ ಸಹಜ ಸಿಟ್ಟು. ಹಾಕಲಿ, ಕಳಿಸಲಿ. ಆದರೆ ಶಿಕ್ಷೆ ಬರುವುದು ಡಿಕ್ಕಿಯಾದ ಮೇಲೆ. ಮನುಷ್ಯ ತೂಕಡಿಸುತ್ತಾನೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಮಾತ್ರ ಆ ಕ್ಷಣದಲ್ಲಿ ಎಚ್ಚರವಿರುತ್ತದೆ.

ನಮ್ಮ ಹೆದ್ದಾರಿಗಳನ್ನು ನೋಡಿ. ಡಿವೈಡರಿನ ಕಣಗಿಲೆ ಗಿಡಗಳಿಗೆ ನೀರು ಹಾಕುವ ಟ್ಯಾಂಕರು, ಜೋರಾಗಿ ಹೋಗುವವರ ಲೇನಿನಲ್ಲೇ ತೆವಳುತ್ತಿರುತ್ತದೆ. ಹತ್ತು ಸಾವಿರ ಲೀಟರು ತುಂಬಿದ್ದರೆ ನೀರೇ ಹತ್ತು ಟನ್ನು. ಹಿಂದಿನಿಂದ ಬಂದವನಿಗೆ ಅದು ಗೋಡೆ. ಆ ಗೋಡೆಗೂ ಹಿಂದೆ ಒಬ್ಬ ಕೆಂಪು ಬಟ್ಟೆ ಬೀಸುತ್ತಾ ನಿಂತಿರುತ್ತಾನೆ. ಸಾವಿರ ಜನ ನೋಡಿ ಪಕ್ಕಕ್ಕೆ ಸರಿದರೂ ಅವನಿಗೆ ಸಾಲದು. ನಮ್ಮಲ್ಲಿ ಮೆತ್ತೆ ಇಲ್ಲವೆಂದು ಹೇಳುವುದು ತಪ್ಪು. ಅವನೇ ಮೆತ್ತೆ, ದಿನಗೂಲಿಗೆ ಸಿಗುವ ಮೆತ್ತೆ.

ಖರ್ಚಿನ ಮಾತು ಬಂದೇ ಬರುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರಾಷ್ಟ್ರೀಯ ಹೆದ್ದಾರಿಗಳಲ್ಲೇ. ಸಾವಿರಾರು ಕೋಟಿ ಸುರಿದು ವೇಗವನ್ನು ಕೊಂಡವರಿಗೆ, ಆ ವೇಗದ ಪಕ್ಕದಲ್ಲೇ ಗುದ್ದಲಿ ಹಿಡಿದವನ ಬೆನ್ನಿಗೊಂದು ಲಾರಿ ದುಬಾರಿ ಅನ್ನಿಸಬಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಇದೆ. ಅಮೆರಿಕದಲ್ಲಿ ಈ ಮೆತ್ತೆಗಳನ್ನು ಪರೀಕ್ಷಿಸುವುದು 2,270 ಕಿಲೋ ತೂಕದ ಪಿಕಪ್ ಗುದ್ದಿಸಿ. ನಮ್ಮಲ್ಲಿ ನಲವತ್ತು ಟನ್ನಿನ ಲಾರಿಯೂ ನಿದ್ದೆಗಣ್ಣಲ್ಲಿ ಬರುತ್ತದೆ. ಅದನ್ನು ಯಾವ ಜೇನುಹುಟ್ಟೂ ಪೂರ್ತಿ ತಡೆಯದು, ನಿಜ. ಗುದ್ದಿದ ರಭಸಕ್ಕೆ ಕಾವಲು ಲಾರಿಯೇ ಮುಂದೆ ಜಾರುತ್ತದೆ. ಅದಕ್ಕಾಗಿಯೇ ಕೆಲಸಗಾರರಿಂದ ಅಳತೆಯ ಅಂತರ ಬಿಟ್ಟು ನಿಲ್ಲಿಸಬೇಕು. ಆ ಅಂತರ ಬಿಡುವ ಶಿಸ್ತಿಲ್ಲದಿದ್ದರೆ ಲಾರಿ ಇದ್ದೂ ಪ್ರಯೋಜನವಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಆ ಲಾರಿಯ ಚಾಲಕ. ಕನ್ನಡಿಯಲ್ಲಿ ಹಿಂದಿನ ದೀಪಗಳನ್ನು ನೋಡುತ್ತಾ, ಯಾರಾದರೂ ಬಂದು ಗುದ್ದಲೆಂದೇ ಸಂಬಳ ಪಡೆದು ಕೂತವನು. 2017ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯ ಚಾಲಕನಿಲ್ಲದೆ ಮುಂದಿನ ವಾಹನವನ್ನು ತಾನೇ ಹಿಂಬಾಲಿಸುವ ಮೆತ್ತೆ ಲಾರಿಯನ್ನು ರಸ್ತೆಗಿಳಿಸಿತು. ಅಲ್ಲಿ ಖಾಲಿಯಾದದ್ದು ಲಾರಿಯೊಳಗಿನ ಸೀಟು. ಇಲ್ಲಿ ಟ್ಯಾಂಕರಿನ ಹಿಂದೆ, ಡಾಂಬರಿನ ಮೇಲೆ, ಬಿಸಿಲಲ್ಲಿ ನಿಂತವನ ಜಾಗ ಇನ್ನೂ ಖಾಲಿಯಾಗಿಲ್ಲ.